ಒಂದು ಗೆರೆ, ಮೂರು ಸೂತ್ರ

ವಿಜ್ಞಾನ ಓದಿದವರೂ ಓದದವರೂ ಕೂತಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಕೊಡುತ್ತೇನೆ. ಪೆನ್ನು ಎತ್ತುವುದು ಬೇಡ, ಊಹೆ ಸಾಕು.

ಅಗಲವಾದ ರಸ್ತೆಯಲ್ಲಿ ಎರಡು ಕಾರು ಹೋಗುತ್ತಿವೆ. ಒಂದರ ವೇಗ ಗಂಟೆಗೆ 72 ಕಿಲೋಮೀಟರ್. ಇನ್ನೊಂದರದು 90. ಎರಡನೆಯದು ಮೊದಲನೆಯದನ್ನು ಹಿಂದಿಕ್ಕುತ್ತಾ ಸರಿಯಾಗಿ ಅದರ ಪಕ್ಕಕ್ಕೆ ಬಂದಿದೆ. ಅದೇ ಕ್ಷಣದಲ್ಲಿ, ಮುಂದೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿರುವುದು ಇಬ್ಬರು ಚಾಲಕರಿಗೂ ಕಾಣಿಸುತ್ತದೆ. ನೋಡಿ, ಗಾಬರಿಯಾಗಿ, ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಇಬ್ಬರಿಗೂ ಒಂದೊಂದು ಸೆಕೆಂಡ್ ಹಿಡಿಯುತ್ತದೆ. ಎರಡೂ ಕಾರಿನ ಬ್ರೇಕು ಒಂದೇ ಥರ. 72ರ ಕಾರು ಮರಕ್ಕೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ನಿಂತುಬಿಡುತ್ತದೆ. ಹಾಗಾದರೆ 90ರ ಕಾರು ಎಷ್ಟು ವೇಗದಲ್ಲಿ ಮರಕ್ಕೆ ಗುದ್ದುತ್ತದೆ?

ಹದಿನೆಂಟು ಅಂತ ತುಂಬಾ ಜನ ಹೇಳುತ್ತಿದ್ದೀರಿ. 90ರಲ್ಲಿ 72 ಕಳೆದರೆ 18, ಅಲ್ವಾ? ಹಿಂದಿನ ಸಾಲಿನಿಂದ ಮೂವತ್ತು ಅಂತಲೂ ಕೇಳಿಸಿತು. ಎರಡೂ ಹತ್ತಿರಕ್ಕೂ ಬರುವುದಿಲ್ಲ. ಸದ್ಯಕ್ಕೆ ಕಾರುಗಳನ್ನು ಅಲ್ಲೇ ಬಿಟ್ಟಿರೋಣ. ಉತ್ತರ ನಾನು ಹೇಳುವುದಕ್ಕಿಂತ ನೀವೇ ಲೆಕ್ಕ ಹಾಕಿ ಹೇಳುವ ಹಾಗಾಗಬೇಕು. ಅದಕ್ಕೆ ಬೇಕಾಗಿರುವುದು ಒಂದು ಗೆರೆ, ಅಷ್ಟೇ.

ವೇಗೋತ್ಕರ್ಷ ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವ ಲೆಕ್ಕ. ವೇಗ ಎಷ್ಟಿದೆ ಅನ್ನುವುದಲ್ಲ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ನೇರವಾಗಿ, ಒಂದೇ ಸಮನೆ ಹಾರುತ್ತಿರುವ ವಿಮಾನದ ವೇಗೋತ್ಕರ್ಷ ಸೊನ್ನೆ. ಆಗ ತಾನೇ ಹೊರಟ ಸೈಕಲ್ಲಿನದು ಸೊನ್ನೆಯಲ್ಲ. ವಿಮಾನದೊಳಗೆ ಕೂತವರಿಗೆ ಆ 900 ಗೊತ್ತೇ ಆಗುವುದಿಲ್ಲ. ಹೊರಡುವಾಗ ಬೆನ್ನು ಸೀಟಿಗೆ ಒತ್ತಿದ್ದು ಮಾತ್ರ ಚೆನ್ನಾಗಿ ಗೊತ್ತಾಗಿರುತ್ತದೆ. ನಮ್ಮ ಮೈಗೆ ತಿಳಿಯುವುದು ವೇಗವಲ್ಲ, ಅದರ ಬದಲಾವಣೆ.

ಲೆಕ್ಕ ಸುಲಭ. ಕೊನೆಯ ವೇಗದಲ್ಲಿ ಮೊದಲಿನ ವೇಗ ಕಳೆಯಿರಿ, ಹಿಡಿದ ಸಮಯದಿಂದ ಭಾಗಿಸಿ. ನಿಂತಿದ್ದ ಕಾರು 10 ಸೆಕೆಂಡಿನಲ್ಲಿ ಗಂಟೆಗೆ 100 ಕಿಲೋಮೀಟರ್ ಮುಟ್ಟಿತು ಅನ್ನಿ. ಇಲ್ಲಿ ಒಂದು ಎಚ್ಚರಿಕೆ. ಗಂಟೆಯನ್ನೂ ಸೆಕೆಂಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬಾರದು. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ, ಭೌತಶಾಸ್ತ್ರದಲ್ಲಿ ಅಲ್ಲ. ಗಂಟೆಗೆ ಇಷ್ಟು ಕಿಲೋಮೀಟರ್ ಅನ್ನುವುದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಅಂತಾಗುತ್ತದೆ. 100ನ್ನು ಭಾಗಿಸಿದರೆ ಸುಮಾರು 27.8. ಅದನ್ನು 10 ಸೆಕೆಂಡಿನಿಂದ ಭಾಗಿಸಿದರೆ 2.8.

2.8 ಏನು? ಮೀಟರ್ ಪ್ರತಿ ಸೆಕೆಂಡಿಗೆ, ಪ್ರತಿ ಸೆಕೆಂಡಿಗೆ. ಸೆಕೆಂಡ್ ಯಾಕೆ ಎರಡು ಸಲ ಬಂತು ಅಂತ ಗಾಬರಿಯಾಗುವುದು ಸಹಜ. ಮೊದಲ ಸೆಕೆಂಡ್ ವೇಗದ್ದು. ಎರಡನೆಯದು ಆ ವೇಗ ಬದಲಾಗುವುದಕ್ಕೆ ಹಿಡಿದ ಸಮಯದ್ದು. ಒಂದೊಂದು ಸೆಕೆಂಡ್ ಕಳೆದ ಹಾಗೂ ಕಾರಿನ ವೇಗಕ್ಕೆ 2.8 ಮೀಟರ್ ಪ್ರತಿ ಸೆಕೆಂಡಿನಷ್ಟು ಸೇರುತ್ತಾ ಹೋಗುತ್ತದೆ ಅಂತ ಓದಿಕೊಳ್ಳಿ. ಮೊದಲ ಸೆಕೆಂಡ್ ಮುಗಿದಾಗ 2.8, ಎರಡನೆಯದು ಮುಗಿದಾಗ 5.6, ಮೂರನೆಯದಕ್ಕೆ 8.4.

ಈಗ ಚಿತ್ರಕ್ಕೆ ಬರೋಣ. ಹಾಳೆ ಇದ್ದವರು ಬರೆದುಕೊಳ್ಳಿ. ಅಡ್ಡಕ್ಕೆ ಒಂದು ಗೆರೆ, ಅದು ಸಮಯ. ಉದ್ದಕ್ಕೆ ಒಂದು ಗೆರೆ, ಅದು ವೇಗ. ಕಾರು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಒಂದೇ ಸಮನೆ 5 ಸೆಕೆಂಡ್ ಹೋಯಿತು ಅನ್ನಿ. ಚಿತ್ರದಲ್ಲಿ 10ರ ಎತ್ತರದಲ್ಲಿ ಮಟ್ಟಸವಾದ ಒಂದು ಗೆರೆ ಬರುತ್ತದೆ. ಹೋದ ದೂರ 50 ಮೀಟರ್. ಆ ಗೆರೆಯ ಕೆಳಗಿರುವ ಆಯತವನ್ನು ನೋಡಿ. ಎತ್ತರ 10, ಅಗಲ 5, ವಿಸ್ತೀರ್ಣ 50. ಗೆರೆಯ ಕೆಳಗಿನ ಜಾಗವೇ ದೂರ.

ವೇಗ ಬದಲಾಗುತ್ತಿದ್ದರೂ ಈ ಮಾತು ನಿಲ್ಲುತ್ತದೆ. ಗೆರೆಯ ಕೆಳಗಿನ ಜಾಗವನ್ನು ನೆಟ್ಟಗೆ ತೆಳ್ಳನೆ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಒಂದೊಂದು ಪಟ್ಟಿಯೂ ಎಷ್ಟು ತೆಳುವೆಂದರೆ, ಅಷ್ಟು ಹೊತ್ತಿನಲ್ಲಿ ವೇಗ ಹೆಚ್ಚುಕಮ್ಮಿ ಬದಲಾಗಿಯೇ ಇಲ್ಲ. ಹಾಗಾಗಿ ಒಂದೊಂದು ಪಟ್ಟಿಯೂ ಒಂದು ಪುಟ್ಟ ಆಯತ. ಎಲ್ಲ ಸೇರಿಸಿದರೆ ಒಟ್ಟು ದೂರ. ಪಟ್ಟಿಯನ್ನು ಇನ್ನೂ ತೆಳ್ಳಗೆ, ಮತ್ತೂ ತೆಳ್ಳಗೆ ಮಾಡುತ್ತಾ ಹೋದರೆ ಅದೇ ಕಲನಶಾಸ್ತ್ರ. ಈ ಹೊತ್ತಿಗೆ ನಮಗೆ ಅದರ ಹೆಸರು ಬೇಕಾಗಿಲ್ಲ.

ಕಾರಿನ ವೇಗ 10ರಿಂದ ಶುರುವಾಗಿ, ಒಂದೇ ಹದದಲ್ಲಿ ಏರುತ್ತಾ, 5 ಸೆಕೆಂಡಿಗೆ 20 ಮುಟ್ಟಿತು. ಈಗ ಗೆರೆ ಓರೆಯಾಗಿ ಮೇಲಕ್ಕೆ ಹೋಗುತ್ತದೆ. ಎಷ್ಟು ಓರೆ? 5 ಸೆಕೆಂಡಿಗೆ 10 ಏರಿದೆ, ಅಂದರೆ ಸೆಕೆಂಡಿಗೆ 2. ಆ ಓರೆಯೇ ವೇಗೋತ್ಕರ್ಷ. ಗೆರೆ ಕಡಿದಾದಷ್ಟೂ ವೇಗೋತ್ಕರ್ಷ ಜಾಸ್ತಿ. ಇದನ್ನೇ ಬರೆದಿಟ್ಟರೆ ಮೊದಲನೆಯ ಸೂತ್ರ:

ಅಂತಿಮ ವೇಗ = ಆರಂಭಿಕ ವೇಗ + ವೇಗೋತ್ಕರ್ಷ × ಸಮಯ

ಕೆಳಗಿನ ಜಾಗದಲ್ಲಿ ಈಗ ಎರಡು ಆಕಾರ ಇವೆ. ಕೆಳಗೊಂದು ಆಯತ, ಎತ್ತರ 10, ಅಗಲ 5, ವಿಸ್ತೀರ್ಣ 50. ಅದರ ತಲೆಯ ಮೇಲೊಂದು ತ್ರಿಭುಜ, ಪಾದ 5, ಎತ್ತರ 10, ವಿಸ್ತೀರ್ಣ ಅದರರ್ಧ, 25. ಒಟ್ಟು 75 ಮೀಟರ್. ಇದೇ ಎರಡನೆಯ ಸೂತ್ರ:

ದೂರ = ಆರಂಭಿಕ ವೇಗ × ಸಮಯ + ½ × ವೇಗೋತ್ಕರ್ಷ × ಸಮಯ²

ಪ್ಲಸ್ ಚಿಹ್ನೆಯ ಈಚೆಗಿರುವುದು ಆಯತ, ಆಚೆಗಿರುವುದು ತ್ರಿಭುಜ. ಶಾಲೆಯಲ್ಲಿ ಆ ½ ಎಲ್ಲಿಂದ ಬಂತು ಅಂತ ತಿಳಿಯದೆಯೇ ಸುಮ್ನೆ ಬಾಯಿಪಾಠ ಮಾಡಿದವರು ಈ ಸಭೆಯಲ್ಲಿ ತುಂಬಾ ಜನ ಇರಬೇಕು. ಅದು ತ್ರಿಭುಜದ ಅರ್ಧ, ಬೇರೇನೂ ಅಲ್ಲ.

ಮೂರನೆಯ ಸೂತ್ರಕ್ಕೆ ಹೊಸ ಚಿತ್ರ ಬೇಡ. ಅದೇ ಜಾಗವನ್ನು ಇನ್ನೊಂದು ರೀತಿ ಅಳೆಯೋಣ. ಓರೆ ಗೆರೆಯ ಸರಾಸರಿ ಎತ್ತರ 10 ಮತ್ತು 20ರ ನಡುವೆ, ಅಂದರೆ 15. ಹದಿನೈದು ಐದಲ ಎಪ್ಪತ್ತೈದು, ದೂರ ಮತ್ತೆ ಅದೇ. ಈಗ ಸಮಯವನ್ನು ತೆಗೆದು, ಅದರ ಜಾಗದಲ್ಲಿ ‘ವೇಗದ ಬದಲಾವಣೆ ಭಾಗಿಸು ವೇಗೋತ್ಕರ್ಷ’ ಅಂತ ಹಾಕಿ. ಎರಡು ವೇಗಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿದ ಹಾಗಾಗುತ್ತದೆ. ಅದು ವರ್ಗಗಳ ವ್ಯತ್ಯಾಸ. ಹಾಗಾಗಿ:

ಅಂತಿಮ ವೇಗ² = ಆರಂಭಿಕ ವೇಗ² + 2 × ವೇಗೋತ್ಕರ್ಷ × ದೂರ

ಪರೀಕ್ಷಿಸಿ ನೋಡಿ. 10ರ ವರ್ಗ 100. ಅದಕ್ಕೆ 2 × 2 × 75, ಅಂದರೆ 300 ಸೇರಿಸಿ. 400, ಅದು 20ರ ವರ್ಗ. ಸರಿಹೋಯಿತು.

ಈ ಚಿತ್ರ ತುಂಬಾ ಹಳೆಯದು. 14ನೇ ಶತಮಾನದಲ್ಲೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು ಇದರ ತಿರುಳು ಹಿಡಿದಿದ್ದರು. ಒಂದೇ ಹದದಲ್ಲಿ ಏರುವ ವೇಗದಲ್ಲಿ ಹೋದ ದೂರವೂ, ನಡುಹೊತ್ತಿನ ವೇಗದಲ್ಲೇ ಉದ್ದಕ್ಕೂ ಹೋದರೆ ಆಗುವ ದೂರವೂ ಒಂದೇ ಅಂತ ಅವರು ಹೇಳಿದರು. ಅದೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ಚಿತ್ರವಾಗಿ ಬರೆದು ತೋರಿಸಿದ. ಆದರೆ ಅವರಿಗೆ ಅದು ತರ್ಕದ ವಿಷಯವಾಗಿತ್ತು. ಕಲ್ಲು ಬೀಳುವುದಕ್ಕೂ ಈ ತ್ರಿಭುಜಕ್ಕೂ ಸಂಬಂಧ ಇದೆಯಾ ಅಂತ ಅಳೆದು ನೋಡುವುದಕ್ಕೆ ಗೆಲಿಲಿಯೊ ಬರಬೇಕಾಯಿತು.

ಗೆಲಿಲಿಯೊ ಅಂದರೆ ಪೀಸಾದ ಗೋಪುರ ನೆನಪಾಗುತ್ತದೆ. ಅದರ ಮೇಲಿಂದ ಅವನು ಗುಂಡುಗಳನ್ನು ಬೀಳಿಸಿದ ಅನ್ನುವ ಕಥೆ ನಿಜವೋ ಅಲ್ಲವೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ, ನನಗೆ ಅದರಲ್ಲಿ ಆಸಕ್ತಿಯೂ ಇಲ್ಲ. ಅವನೇ ಬರೆದಿಟ್ಟ ಪ್ರಯೋಗ ಗೋಪುರಕ್ಕಿಂತ ಸೊಗಸಾಗಿದೆ. ನೆಟ್ಟಗೆ ಬೀಳುವ ವಸ್ತುವನ್ನು ಅಳೆಯುವುದು ಅವನ ಕಾಲದಲ್ಲಿ ಆಗದ ಮಾತು. ಹಾಗಾಗಿ ಅವನು ಬೀಳುವುದನ್ನೇ ನಿಧಾನ ಮಾಡಿದ. ಸುಮಾರು 12 ಮೊಳ ಉದ್ದದ ಮರದ ತೊಲೆ. ಅದರಲ್ಲಿ ಬೆರಳಗಲಕ್ಕಿಂತ ಸ್ವಲ್ಪ ಹೆಚ್ಚಿನ ಕಾಲುವೆ. ಒಳಗೆ ನುಣುಪಾಗಿರಲಿ ಅಂತ ಚರ್ಮದ ಹಾಳೆ ಅಂಟಿಸಿದ. ತೊಲೆಯ ಒಂದು ತುದಿಯನ್ನು ಸ್ವಲ್ಪ ಎತ್ತಿ, ಗಟ್ಟಿಯಾದ, ದುಂಡನೆಯ ಕಂಚಿನ ಗುಂಡನ್ನು ಉರುಳಲು ಬಿಟ್ಟ.

ಸಮಯ ಅಳೆಯುವುದಕ್ಕೆ? ಇಷ್ಟು ಸಣ್ಣ ಹೊತ್ತನ್ನು ನಿಖರವಾಗಿ ಅಳೆಯುವ ಗಡಿಯಾರ ಅವನ ಬಳಿ ಇರಲಿಲ್ಲ. ಒಂದು ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಅದರ ತಳಕ್ಕೆ ಸಣ್ಣ ಕೊಳವೆ ಸಿಕ್ಕಿಸಿದ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಹಿಡಿದು, ತಕ್ಕಡಿಯಲ್ಲಿ ತೂಗಿದ. ನೀರಿನ ತೂಕವೇ ಸಮಯ. ತೊಲೆಯ ಪೂರ್ತಿ ಉದ್ದಕ್ಕೆ ಎಷ್ಟು ನೀರು, ಕಾಲು ಭಾಗಕ್ಕೆ ಎಷ್ಟು ನೀರು ಅಂತ ಹೋಲಿಸಿದ. ಕಾಲು ಭಾಗದ ದೂರಕ್ಕೆ ಸರಿಯಾಗಿ ಅರ್ಧ ನೀರು ಸುರಿದಿತ್ತು. ಸಮಯ ಎರಡರಷ್ಟಾದರೆ ದೂರ ನಾಲ್ಕರಷ್ಟು.

ನಮ್ಮ ತ್ರಿಭುಜದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ನಿಂತಲ್ಲಿಂದ ಹೊರಟ ಗುಂಡಿಗೆ ಆಯತ ಇಲ್ಲ, ಬರೀ ತ್ರಿಭುಜ. ನಾಲ್ಕು ಸೆಕೆಂಡಿನ ತ್ರಿಭುಜ ಬರೆದು, ಒಂದೊಂದು ಸೆಕೆಂಡಿಗೂ ನೆಟ್ಟಗೆ ಒಂದು ಗೆರೆ ಎಳೆಯಿರಿ. ಮೊದಲ ಸೆಕೆಂಡಿನ ಪಾಲಿಗೆ ಬರುವುದು ಒಂದು ಪುಟ್ಟ ತ್ರಿಭುಜ. ಎರಡನೆಯ ಪಟ್ಟಿಯಲ್ಲಿ ಕೆಳಗೊಂದು ಪುಟ್ಟ ಆಯತ, ಅಂದರೆ ಅದೇ ಅಳತೆಯ ಎರಡು ತ್ರಿಭುಜ. ಮೇಲೊಂದು ತ್ರಿಭುಜ. ಒಟ್ಟು ಮೂರು. ಮೂರನೆಯದರಲ್ಲಿ ಐದು. ನಾಲ್ಕನೆಯದರಲ್ಲಿ ಏಳು. 1, 3, 5, 7. ಕೂಡಿಸುತ್ತಾ ಹೋದರೆ 1, 4, 9, 16. ಬೆಸ ಸಂಖ್ಯೆಗಳನ್ನು ಕೂಡಿಸಿದರೆ ವರ್ಗಸಂಖ್ಯೆಗಳು ಬರುತ್ತವೆ ಅನ್ನುವುದು ಗಣಿತದವರಿಗೆ ಮೊದಲೇ ಗೊತ್ತಿತ್ತು. ಬೀಳುವ ಕಲ್ಲಿಗೂ ಅದು ಗೊತ್ತಿದೆ ಅನ್ನುವುದು ಹೊಸ ಸಂಗತಿ. ಭೂಮಿಯ ಮೇಲೆ ಬಿಟ್ಟ ಕಲ್ಲು, ಗಾಳಿಯ ತಡೆ ಬಿಟ್ಟರೆ, ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಎರಡನೆಯದರಲ್ಲಿ 14.7. ಮೂರನೆಯದರಲ್ಲಿ 24.5. ಭಾಗಿಸಿ ನೋಡಿ, 1, 3, 5.

ಒಂದು ಉಪಕಥೆ. ಗೆಲಿಲಿಯೊ ತನ್ನ ತೊಲೆಯಿಂದ ಗುರುತ್ವ ವೇಗೋತ್ಕರ್ಷದ, ಅಂದರೆ ಭೂಮಿಯ ಎಳೆತಕ್ಕೆ ಬೀಳುವ ವಸ್ತುವಿನ ವೇಗೋತ್ಕರ್ಷದ, ಬೆಲೆಯನ್ನು ಲೆಕ್ಕ ಹಾಕಲು ಹೋಗಿದ್ದರೆ 9.8 ಬರುತ್ತಿರಲಿಲ್ಲ. ಉರುಳುವ ಗುಂಡು ಬರೀ ಜಾರುವುದಿಲ್ಲ, ತಿರುಗುತ್ತಲೂ ಇರುತ್ತದೆ. ಆ ತಿರುಗುವಿಕೆಗೂ ಒಂದು ಪಾಲು ಹೋಗುತ್ತದೆ. ಗಟ್ಟಿ ಗುಂಡು ಇಳಿಜಾರಾದ ಸಪಾಟು ಹಲಗೆಯ ಮೇಲೆ ಉರುಳಿದರೆ ಅದರ ವೇಗೋತ್ಕರ್ಷ ಜಾರುವಾಗ ಇರುವುದರ ಏಳರಲ್ಲಿ ಐದು ಪಾಲು ಮಾತ್ರ. ಅವನು ಹುಡುಕಿದ್ದು ಅನುಪಾತವನ್ನು. ಅನುಪಾತಕ್ಕೆ ಇದರಿಂದ ಏನೂ ತೊಂದರೆ ಆಗಲಿಲ್ಲ.

ಇನ್ನು ಚಿಹ್ನೆಯ ವಿಷಯ. ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆಯುತ್ತೇನೆ, ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ. ಮೇಲಿನ ದಿಕ್ಕು ಪ್ಲಸ್ ಅಂತ ಇಟ್ಟುಕೊಳ್ಳೋಣ. ಗುರುತ್ವ ಕೆಳಕ್ಕೆ, ಹಾಗಾಗಿ ವೇಗೋತ್ಕರ್ಷ ಮೈನಸ್ 9.8. ಸೆಕೆಂಡ್ ಸೆಕೆಂಡಿಗೂ ವೇಗ ಹೀಗೆ: 19.6, 9.8, 0, −9.8, −19.6. ಎರಡು ಸೆಕೆಂಡ್ ಮೇಲಕ್ಕೆ, ಎರಡು ಸೆಕೆಂಡ್ ಕೆಳಕ್ಕೆ. ತುದಿಯ ಎತ್ತರ ಬೇಕಾ? ತ್ರಿಭುಜ ನೋಡಿ. ಪಾದ 2, ಎತ್ತರ 19.6, ಅರ್ಧ ಮಾಡಿದರೆ 19.6 ಮೀಟರ್.

ತುತ್ತತುದಿಯಲ್ಲಿ ಚೆಂಡಿನ ವೇಗೋತ್ಕರ್ಷ ಎಷ್ಟು? ಸೊನ್ನೆ ಅಂತ ಕೈ ಎತ್ತಿದವರು ಇಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದಾರೆ. ಮುಜುಗರ ಬೇಡ, ಎಲ್ಲ ಕಡೆಯೂ ಹೀಗೇ ಆಗುತ್ತದೆ. ವೇಗ ಸೊನ್ನೆ, ಹಾಗಾಗಿ ವೇಗೋತ್ಕರ್ಷವೂ ಸೊನ್ನೆ ಅಂತ ಮನಸ್ಸು ಓಡುತ್ತದೆ. ಚಳಿಯಿರುವ ದೇಶದಲ್ಲಿ ಸಂಜೆ ಥರ್ಮಾಮೀಟರ್ ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. 2, 1, 0, ಮೈನಸ್ 1. ಸೊನ್ನೆ ಬಂದಾಗ ಇಳಿಯುವುದು ನಿಂತಿತಾ? ಇಲ್ಲ, ದಾರಿಯಲ್ಲಿ ಸೊನ್ನೆ ಒಂದು ಗುರುತು ಅಷ್ಟೇ. ಚೆಂಡಿನ ವೇಗವೂ ಅದೇ ರೀತಿ ಸೊನ್ನೆಯನ್ನು ದಾಟಿಕೊಂಡು ಹೋಗುತ್ತದೆ. ಗ್ರಾಫಿನಲ್ಲಿ ಗೆರೆ 19.6ರಿಂದ −19.6ರವರೆಗೆ ಒಂದೇ ನೇರ ಗೆರೆ. ನಡುವೆ ಎಲ್ಲೂ ಕೊಂಕಿಲ್ಲ. ತುದಿಯಲ್ಲೂ ಓರೆ ಅದೇ 9.8. ಒಂದು ವೇಳೆ ಅಲ್ಲಿ ವೇಗೋತ್ಕರ್ಷವೂ ಸೊನ್ನೆಯಾಗಿ ಹಾಗೇ ಉಳಿದಿದ್ದರೆ ಚೆಂಡು ಕೆಳಗೆ ಬರುವುದಕ್ಕೆ ಕಾರಣವೇ ಇರುತ್ತಿರಲಿಲ್ಲ. ಅಲ್ಲೇ ನಿಂತಿರುತ್ತಿತ್ತು.

ಇದೇ ಚೆಂಡಿನಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಕರಗುತ್ತದೆ. ಮೈನಸ್ ವೇಗೋತ್ಕರ್ಷ ಅಂದರೆ ನಿಧಾನವಾಗುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಚೆಂಡು ಕೆಳಗೆ ಬರುವಾಗಲೂ ವೇಗೋತ್ಕರ್ಷ ಮೈನಸ್ 9.8ರಲ್ಲೇ ಇದೆ, ಆದರೆ ಚೆಂಡು ಜೋರಾಗುತ್ತಿದೆ. ವೇಗದ ಚಿಹ್ನೆಯೂ ವೇಗೋತ್ಕರ್ಷದ ಚಿಹ್ನೆಯೂ ಒಂದೇ ಆಗಿದ್ದರೆ ಜೋರು, ಬೇರೆ ಬೇರೆ ಆಗಿದ್ದರೆ ನಿಧಾನ.

ಈಗ ಕಾರುಗಳ ಹತ್ತಿರ ಹೋಗೋಣ. 72ನ್ನು 3.6ರಿಂದ ಭಾಗಿಸಿದರೆ 20. 90ನ್ನು ಭಾಗಿಸಿದರೆ 25. ಬ್ರೇಕು ಪ್ರತಿ ಸೆಕೆಂಡಿಗೂ 5 ಮೀಟರ್ ಪ್ರತಿ ಸೆಕೆಂಡಿನಷ್ಟು ವೇಗ ಕಳೆಯುತ್ತದೆ ಅನ್ನಿ.

ಮೊದಲ ಕಾರು. ಬ್ರೇಕು ಒತ್ತುವ ಮುಂಚಿನ ಒಂದು ಸೆಕೆಂಡಿನಲ್ಲೇ 20 ಮೀಟರ್ ಹೋಗಿರುತ್ತದೆ. ಅದು ಆಯತ. ಆಮೇಲೆ ತ್ರಿಭುಜ. 20ರಿಂದ ಸೊನ್ನೆಗೆ ಇಳಿಯಲು 4 ಸೆಕೆಂಡ್, ದೂರ 4 × 20ರ ಅರ್ಧ, 40 ಮೀಟರ್. ಒಟ್ಟು 60. ಹಾಗಾದರೆ ಮರ ಇರುವುದು 60 ಮೀಟರ್ ದೂರದಲ್ಲಿ.

ಎರಡನೆಯ ಕಾರು. ಬ್ರೇಕು ಒತ್ತುವ ಮುಂಚೆಯೇ 25 ಮೀಟರ್ ಖರ್ಚಾಯಿತು. ಮರಕ್ಕೆ ಉಳಿದಿರುವುದು 35. ಇಲ್ಲಿ ಸಮಯ ಗೊತ್ತಿಲ್ಲ, ದೂರ ಗೊತ್ತಿದೆ, ಹಾಗಾಗಿ ಮೂರನೆಯ ಸೂತ್ರ. 25ರ ವರ್ಗ 625. ಅದರಲ್ಲಿ 2 × 5 × 35, ಅಂದರೆ 350 ಕಳೆಯಿರಿ. 275. ಅದರ ವರ್ಗಮೂಲ ಸುಮಾರು 16.6. ಅದನ್ನು 3.6ರಿಂದ ಗುಣಿಸಿ.

ಗಂಟೆಗೆ 60 ಕಿಲೋಮೀಟರ್.

ಒಂದು ಕಾರು ನಿಂತ ಜಾಗದಲ್ಲಿ, 18 ಕಿಲೋಮೀಟರ್ ಮಾತ್ರ ಹೆಚ್ಚು ವೇಗದಲ್ಲಿದ್ದ ಇನ್ನೊಂದು ಕಾರು 60ರಲ್ಲಿ ಗುದ್ದುತ್ತದೆ. ಬ್ರೇಕಿನ ಲೆಕ್ಕವನ್ನು 5 ಅಂತ ನಾನೇ ಬೇಕಂತ ಕಮ್ಮಿ ಇಟ್ಟಿದ್ದೇನೆ ಅಂತ ಯಾರಿಗಾದರೂ ಅನುಮಾನ ಬಂದಿದ್ದರೆ, 8 ಇಟ್ಟು ನೋಡಿ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಅಷ್ಟು ಹಿಡಿಯಬಲ್ಲದು. ಮೊದಲ ಕಾರು 45 ಮೀಟರಿಗೇ ನಿಲ್ಲುತ್ತದೆ, ಹಾಗಾಗಿ ಈ ಸಲ ಮರ ಇರುವುದು 45 ಮೀಟರ್ ದೂರದಲ್ಲಿ. ಎರಡನೆಯದಕ್ಕೆ ಬ್ರೇಕಿಗೆ ಸಿಗುವುದು 20 ಮೀಟರ್. 625ರಲ್ಲಿ 320 ಹೋದರೆ 305. ವೇಗ ಗಂಟೆಗೆ ಸುಮಾರು 63. ಬ್ರೇಕು ಚೆನ್ನಾಗಿದ್ದಾಗ ಗುದ್ದು ಇನ್ನೂ ಸ್ವಲ್ಪ ಜೋರು! ಅಂದರೆ ಮೊದಲ ಕಾರಿಗೆ ಅಷ್ಟು ಹತ್ತಿರದಲ್ಲೇ ನಿಲ್ಲಲು ಸಾಧ್ಯವಾಯಿತು, ಎರಡನೆಯದಕ್ಕೆ ಜಾಗವೇ ಉಳಿಯಲಿಲ್ಲ.

ಯಾಕೆ ಹೀಗೆ? ಬ್ರೇಕು ವೇಗವನ್ನು ಕಳೆಯುವುದು ಸೆಕೆಂಡಿನ ಲೆಕ್ಕದಲ್ಲಿ, ಮೀಟರಿನ ಲೆಕ್ಕದಲ್ಲಿ ಅಲ್ಲ. ಜೋರಾಗಿ ಹೋಗುತ್ತಿರುವಾಗ ಒಂದು ಸೆಕೆಂಡ್ ಕಳೆಯುವಷ್ಟರಲ್ಲಿ ಎಷ್ಟೋ ಮೀಟರ್ ಮುಗಿದುಹೋಗಿರುತ್ತವೆ. 20ರಲ್ಲಿದ್ದ ಮೊದಲ ಕಾರನ್ನೇ ನೋಡಿ. ಬ್ರೇಕು ಒತ್ತಿದ ಮೇಲೆ 40 ಮೀಟರಿನಲ್ಲಿ ನಿಂತಿತು. ಅದರಲ್ಲಿ 30 ಮೀಟರ್ ಮುಗಿದಾಗ ವೇಗ ಎಷ್ಟಿತ್ತು? 400ರಲ್ಲಿ 300 ಕಳೆದರೆ 100, ವೇಗ 10. ಮುಕ್ಕಾಲು ದೂರ ಮುಗಿದರೂ ವೇಗ ಅರ್ಧದಷ್ಟೇ ಇಳಿದಿದೆ. ಉಳಿದ ಅರ್ಧ ವೇಗ ಕಳೆಯುವುದು ಕೊನೆಯ ಹತ್ತು ಮೀಟರಿನಲ್ಲಿ. ಎರಡನೆಯ ಕಾರಿಗೆ ಸಿಗದೇ ಹೋಗಿದ್ದು ಆ ಕೊನೆಯ ಮೀಟರುಗಳೇ.

ಇಲ್ಲಿಯವರೆಗೆ ನಾನು ಒಂದು ಷರತ್ತನ್ನು ಮೆಲ್ಲಗೆ ದಾಟಿಸಿಕೊಂಡು ಬಂದಿದ್ದೇನೆ. ‘ಒಂದೇ ಹದದಲ್ಲಿ’ ಅನ್ನುವ ಮಾತು. ಮೂರು ಸೂತ್ರವೂ ಹುಟ್ಟಿದ್ದು ಗೆರೆ ನೇರವಾಗಿರುವುದರಿಂದ. ಗೆರೆ ಬಾಗಿದರೆ ಮೂರೂ ಸುಳ್ಳು ಹೇಳುತ್ತವೆ. ಪುಸ್ತಕದಲ್ಲಿ ಈ ಷರತ್ತು ಸಣ್ಣ ಅಕ್ಷರದಲ್ಲಿರುತ್ತದೆ, ಸೂತ್ರಗಳು ಚೌಕಟ್ಟಿನೊಳಗೆ ಇರುತ್ತವೆ. ತಿರುಗಾಮುರುಗಾ ಆಗಿರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಸುಳ್ಳು ಎಷ್ಟು ದೊಡ್ಡದಾಗಬಹುದು ನೋಡಿ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ನಿಂತಲ್ಲಿಂದ ಹೊರಟ, ದೂರ ಗೊತ್ತು, ಸಮಯ ಗೊತ್ತು. ಸೂತ್ರಕ್ಕೆ ಹಾಕಿದರೆ ಕೊನೆಯ ವೇಗ ಸೆಕೆಂಡಿಗೆ 20.9 ಮೀಟರ್ ಬರುತ್ತದೆ. ಗಂಟೆಗೆ 75 ಕಿಲೋಮೀಟರ್! ಮನುಷ್ಯ ಹಾಗೆ ಓಡುವುದಿಲ್ಲ. ಗುಣಾಕಾರ ಭಾಗಾಕಾರ ಎಲ್ಲ ಸರಿಯಾಗಿದೆ, ಗೆರೆ ನೇರ ಅಂದುಕೊಂಡಿದ್ದು ತಪ್ಪು.

ನಿಜವಾದ ಗೆರೆ ಹೇಗಿತ್ತು? ಆ ಓಟವನ್ನು 20 ಮೀಟರಿನ ತುಂಡುಗಳಲ್ಲಿ ಅಳೆದಿದ್ದಾರೆ. ಗುಂಡಿನ ಸದ್ದಿಗೆ ಸ್ಪಂದಿಸಿದ ಸಮಯವೂ ಸೇರಿ ಮೊದಲ ತುಂಡಿಗೆ 2.89 ಸೆಕೆಂಡ್. ಆಮೇಲೆ 1.75, 1.67, 1.61, 1.66. ಇಪ್ಪತ್ತನ್ನು ಒಂದೊಂದರಿಂದಲೂ ಭಾಗಿಸಿದರೆ ಸರಾಸರಿ ವೇಗ ಹೀಗೆ: 6.9, 11.4, 12.0, 12.4, 12.0. ಗೆರೆ ಮೊದಲು ಕಡಿದಾಗಿ ಏರುತ್ತದೆ, ಆಮೇಲೆ ಬಾಗಿ ಮಟ್ಟಸವಾಗುತ್ತದೆ, ಕೊನೆಗೆ ಸ್ವಲ್ಪ ಇಳಿಯುತ್ತದೆ. ಕೊನೆಯ 20 ಮೀಟರಿನಲ್ಲಿ ವಿಶ್ವದಾಖಲೆ ಮಾಡುತ್ತಿದ್ದವನ ವೇಗ ಇಳಿಯುತ್ತಿತ್ತು! ಟಿವಿಯಲ್ಲಿ ನೋಡಿದರೆ ಕೊನೆಯಲ್ಲಿ ಅವನು ಇನ್ನೂ ಜೋರಾಗಿ ಹೊರಟ ಹಾಗೆ ಕಾಣುತ್ತದೆ. ಮಿಕ್ಕವರು ಅವನಿಗಿಂತ ಹೆಚ್ಚು ನಿಧಾನವಾಗುತ್ತಿರುತ್ತಾರೆ, ಅಷ್ಟೇ.

ಸರಾಸರಿ ಅನ್ನುವುದು ಏನೇನನ್ನು ಮುಚ್ಚಿಡುತ್ತದೆ ಅನ್ನುವುದಕ್ಕೆ ಇನ್ನೊಂದು ಕಥೆ. 1954ರ ಡಿಸೆಂಬರ್ 10. ಅಮೆರಿಕದ ನ್ಯೂ ಮೆಕ್ಸಿಕೊದ ಹಾಲೊಮನ್ ವಾಯುನೆಲೆ. ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ತನ್ನನ್ನೇ ಕಟ್ಟಿಸಿಕೊಂಡು ಕೂತ. ಹಠಾತ್ತನೆ ನಿಂತರೆ ಮನುಷ್ಯನ ಮೈ ಎಷ್ಟು ತಡೆಯುತ್ತದೆ ಅಂತ ತಿಳಿಯಬೇಕಿತ್ತು. ಬಂಡಿ ಗಂಟೆಗೆ 1017 ಕಿಲೋಮೀಟರ್ ಮುಟ್ಟಿತು, ಆಮೇಲೆ ಸುಮಾರು 1.4 ಸೆಕೆಂಡಿನಲ್ಲಿ ನಿಂತಿತು. ನಮಗೆ ಬರುವ ಲೆಕ್ಕ ಹಾಕೋಣ. 1017 ಭಾಗಿಸು 3.6, ಸುಮಾರು 282. ಅದನ್ನು 1.4ರಿಂದ ಭಾಗಿಸಿದರೆ ಸುಮಾರು 200. ಗುರುತ್ವದ ಇಪ್ಪತ್ತು ಪಟ್ಟು. ಆದರೆ ಬಂಡಿಯಲ್ಲಿದ್ದ ಉಪಕರಣ ತೋರಿಸಿದ ಗರಿಷ್ಠ ಬೆಲೆ 46.2 ಪಟ್ಟು. ಸರಾಸರಿಯ ಎರಡರಷ್ಟಕ್ಕಿಂತ ಜಾಸ್ತಿ. ಮೂಳೆಗೆ, ಕಣ್ಣಿಗೆ ತಾಗುವುದು ಸರಾಸರಿಯಲ್ಲ, ಆ ಗರಿಷ್ಠ. ಸ್ಟ್ಯಾಪ್ ಬದುಕಿದ. ಕಣ್ಣೊಳಗೆ ರಕ್ತನಾಳ ಒಡೆದು ಸ್ವಲ್ಪ ಹೊತ್ತು ಏನೂ ಕಾಣಿಸಲಿಲ್ಲ, ಆಮೇಲೆ ದೃಷ್ಟಿ ಮರಳಿತು. 1999ರವರೆಗೂ ಇದ್ದ. ಕಾರುಗಳಲ್ಲಿ ಸೀಟ್ ಬೆಲ್ಟ್ ಬರಬೇಕು ಅಂತ ಗಟ್ಟಿಯಾಗಿ ವಾದಿಸಿದವರಲ್ಲಿ ಅವನೂ ಒಬ್ಬ.

ತಿರುಗುವ ಚಲನೆಯ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಹೊತ್ತಾಗಿದೆ. ವೇಗಕ್ಕೆ ದಿಕ್ಕೂ ಇದೆ. ದಿಕ್ಕು ಬದಲಾದರೂ ವೇಗೋತ್ಕರ್ಷ ಇದೆ ಅಂತಲೇ ಲೆಕ್ಕ. ವೃತ್ತದಲ್ಲಿ ಒಂದೇ ಸಮನೆ ಸುತ್ತುವ ವಸ್ತುವಿನ ವೇಗೋತ್ಕರ್ಷ, ವೇಗದ ವರ್ಗ ಭಾಗಿಸು ತ್ರಿಜ್ಯ, ದಿಕ್ಕು ಕೇಂದ್ರದ ಕಡೆಗೆ. ಇದನ್ನು ಇಲ್ಲಿ ಸಾಧಿಸಿ ತೋರಿಸುವುದಿಲ್ಲ. ಬದಲಿಗೆ ನ್ಯೂಟನ್ ಮಾಡಿ ನೋಡಿದ ಲೆಕ್ಕವನ್ನು ಈಗಿನ ಅಂಕಿಗಳಲ್ಲಿ ಮಾಡೋಣ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ವೇಗ ಸೆಕೆಂಡಿಗೆ ಸುಮಾರು 1020 ಮೀಟರ್. ವರ್ಗ ಮಾಡಿ ಭಾಗಿಸಿದರೆ 0.0027. ಭೂಮಿಯ ಮೇಲೆ ಬೀಳುವ ಕಲ್ಲಿನ 9.8ನ್ನು ಇದರಿಂದ ಭಾಗಿಸಿದರೆ ಸುಮಾರು 3600. ಭೂಮಿಯ ಕೇಂದ್ರದಿಂದ ನಾವಿರುವುದಕ್ಕಿಂತ ಚಂದ್ರ ಸುಮಾರು 60 ಪಟ್ಟು ದೂರ. ಅರವತ್ತು ಅರವತ್ತಲೆ 3600! ದೂರದ ವರ್ಗಕ್ಕೆ ತಕ್ಕ ಹಾಗೆ ಗುರುತ್ವ ಕಮ್ಮಿಯಾಗುತ್ತದೆ. ಕಲ್ಲನ್ನೂ ಚಂದ್ರನನ್ನೂ ಎಳೆಯುವುದು ಒಂದೇ ಎಳೆತ. ಬರೀ ಭಾಗಾಕಾರದಲ್ಲಿ ಇಷ್ಟು ದೊಡ್ಡ ಸಂಗತಿ ಸಿಗುವುದು ಭೌತಶಾಸ್ತ್ರದಲ್ಲೂ ಅಪರೂಪ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಪರೀಕ್ಷೆಯಲ್ಲಿ ಯಾವ ಸೂತ್ರ ಹಾಕಬೇಕು ಅಂತ ಹೇಗೆ ಗೊತ್ತಾಗುತ್ತೆ ಅಂತ ಒಬ್ಬ ಹುಡುಗಿ ಕೇಳಿದಳು. ಆರಂಭಿಕ ವೇಗ, ಅಂತಿಮ ವೇಗ, ವೇಗೋತ್ಕರ್ಷ, ಸಮಯ, ದೂರ, ಒಟ್ಟು ಐದು. ಲೆಕ್ಕದಲ್ಲಿ ಮೂರನ್ನು ಕೊಟ್ಟು ಒಂದನ್ನು ಕೇಳಿರುತ್ತಾರೆ. ಕೊಡದೆ, ಕೇಳದೆ ಉಳಿದಿರುವುದು ಯಾವುದು ಅಂತ ನೋಡು. ಅದಿಲ್ಲದ ಸೂತ್ರ ಹಾಕು. ದೂರದ ಸುದ್ದಿ ಇಲ್ಲದಿದ್ದರೆ ಮೊದಲನೆಯದು, ಅಂತಿಮ ವೇಗದ ಸುದ್ದಿ ಇಲ್ಲದಿದ್ದರೆ ಎರಡನೆಯದು, ಸಮಯದ ಸುದ್ದಿ ಇಲ್ಲದಿದ್ದರೆ ಮೂರನೆಯದು. ಯಾವುದೂ ಹೊಳೆಯದಿದ್ದರೆ ಗೆರೆ ಎಳೆದು ಜಾಗ ಅಳೆ.

ಭಾರದ ವಸ್ತು ಬೇಗ ಬೀಳುವುದಿಲ್ಲವೇ ಅಂತ ಹಿರಿಯರೊಬ್ಬರು ಕೇಳಿದರು. ಗಾಳಿ ಇದ್ದರೆ ಗರಿಗೂ ಸುತ್ತಿಗೆಗೂ ವ್ಯತ್ಯಾಸ ಕಾಣುತ್ತದೆ. ಗಾಳಿ ಇಲ್ಲದ ಕಡೆ ಇಲ್ಲ. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು, ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಗಿಡುಗದ ಗರಿ ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಲ್ಲಿನ ಗುರುತ್ವ ವೇಗೋತ್ಕರ್ಷ 1.62. ಸುಮಾರು 1.6 ಮೀಟರ್ ಎತ್ತರದಿಂದ ಬಿಟ್ಟರೆ ಎರಡನೆಯ ಸೂತ್ರದ ಪ್ರಕಾರ 1.4 ಸೆಕೆಂಡ್ ಬೇಕು. ಭೂಮಿಯ ಮೇಲೆ ಅಷ್ಟೇ ಎತ್ತರಕ್ಕೆ 0.57. ಆ ವಿಡಿಯೊ ಸಿಗುತ್ತದೆ, ಬೇಕಾದವರು ಗಡಿಯಾರ ಹಿಡಿದು ಕೂರಬಹುದು.

ಮೂರನೆಯದು ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ವೇಗೋತ್ಕರ್ಷ ಅಳೆಯುವ ಆ್ಯಪ್ ಹಾಕಿದ್ದೇನೆ, ಮೇಜಿನ ಮೇಲೆ ಸುಮ್ನೆ ಇಟ್ಟರೂ 9.8 ತೋರಿಸುತ್ತದೆ, ಕೆಟ್ಟಿದೆಯಾ ಅಂತ. ಕೆಟ್ಟಿಲ್ಲ. ಫೋನಿನೊಳಗಿನ ಚಿಪ್ಪಿನಲ್ಲಿ ತೀರಾ ಚಿಕ್ಕ ಸಿಲಿಕಾನ್ ತುಂಡೊಂದು ಸಿಲಿಕಾನ್ ಸ್ಪ್ರಿಂಗುಗಳಿಗೆ ಜೋತುಬಿದ್ದಿರುತ್ತದೆ. ಆ ಸ್ಪ್ರಿಂಗು ಎಷ್ಟು ಬಾಗಿದೆ ಅನ್ನುವುದನ್ನಷ್ಟೇ ಅದು ಅಳೆಯುತ್ತದೆ. ಮೇಜು ಫೋನನ್ನು ಮೇಲಕ್ಕೆ ಒತ್ತಿ ಹಿಡಿದಿದೆ, ಒಳಗಿನ ತುಂಡು ಜಗ್ಗಿದೆ, ಸ್ಪ್ರಿಂಗು ಬಾಗಿದೆ, 9.8 ಬಂತು. ಫೋನು ಕೈಜಾರಿ ಬೀಳುವಾಗ ತುಂಡೂ ಫೋನೂ ಒಟ್ಟಿಗೇ ಬೀಳುತ್ತವೆ, ಸ್ಪ್ರಿಂಗು ಬಾಗುವುದಿಲ್ಲ, ಆಗ ಅದು ತೋರಿಸುವುದು ಸೊನ್ನೆ. ನಮ್ಮ ಗ್ರಾಫಿಗೂ ಅದಕ್ಕೂ ಸರಿಯಾಗಿ 9.8ರ ವ್ಯತ್ಯಾಸ. ಈ ಸೊನ್ನೆಯಿಂದ ಉಪಯೋಗವೂ ಆಗಿದೆ. ತಿರುಗುವ ಹಾರ್ಡ್ ಡಿಸ್ಕ್ ಇದ್ದ ಕೆಲವು ಲ್ಯಾಪ್‌ಟಾಪುಗಳಲ್ಲಿ ಇಂಥದೇ ಸೆನ್ಸರ್ ಇಟ್ಟಿದ್ದರು. ಸೊನ್ನೆ ಕಂಡ ಕೂಡಲೇ, ಬೀಳುತ್ತಿದ್ದೇನೆ ಅಂತ ಗೊತ್ತಾಗಿ, ಡಿಸ್ಕಿನ ಓದುವ ತಲೆಯನ್ನು ಪಕ್ಕಕ್ಕೆ ಸರಿಸುತ್ತಿತ್ತು. ಅದಕ್ಕೆ ಎಷ್ಟು ಸಮಯ ಸಿಗುತ್ತದೆ? ಮೇಜಿನ ಎತ್ತರ ಮುಕ್ಕಾಲು ಮೀಟರ್ ಅಂತ ಇಟ್ಟುಕೊಂಡು ಎರಡನೆಯ ಸೂತ್ರಕ್ಕೆ ಹಾಕಿದರೆ 0.39 ಸೆಕೆಂಡ್.